ಫ್ಲಿಂಟ್‌ಲಾಕ್ ರೈಫಲ್: ಪ್ಯಾನಲ್ಲಿ ಭಗ್ ಅಂತದೆ, ಗುಂಡು ಹೋಗಲ್ಲ, ಗೊತ್ತಿರೋರು ಹೇಳಿ

ಪಾಂಡವಪುರದ_ಹೈದ

ಎಲ್ರಿಗೂ ನಮಸ್ಕಾರ. ಊರು ಪಾಂಡವಪುರದ ಹತ್ರ, ಕೆಲ್ಸ ಪೆನ್ಸಿಲ್ವೇನಿಯಾದಲ್ಲಿ, ಈಗ ರಜಕ್ಕೆ ಬಂದಿವ್ನಿ. ಅಲ್ಲಿ ಒಂದು ಕ್ಲಬ್ ಸೇರ್ಕೊಂಡು ಫ್ಲಿಂಟ್‌ಲಾಕ್ ಹುಚ್ಚು ಹಿಡ್ದದೆ, ಅದೇ ನಳಿಗೆ ಬಾಯಿಂದ ಮದ್ದು ಸುರ್ದು, ಗಜದ ಕಡ್ಡೀಲಿ ಗುಂಡು ನೂಕಿ, ಚಕಮಕಿ ಕಲ್ಲಲ್ಲಿ ಕಿಡಿ ಹಾರ್ಸಿ ಹೊಡಿಯೋದು. ಆ ರಾಜ್ಯದಲ್ಲಿ ಕ್ರಿಸ್‌ಮಸ್ ಆದ್ಮೇಲೆ ಜಿಂಕೆ ಬೇಟೆಗೆ ಫ್ಲಿಂಟ್‌ಲಾಕ್‌ಗೆ ಅಂತ್ಲೇ ಬೇರೆ ಸೀಸನ್ ಐತೆ, ಅದ್ಕೇ ಇನ್ನೂ ಬಳಕೇಲದೆ. ನಂಗೆ ಬೇಟೆ ಗೀಟೆ ಬ್ಯಾಡ, ಪೇಪರ್ ಟಾರ್ಗೆಟ್ ಸಾಕು.

ರೈಫಲ್ಲು .50 ಕ್ಯಾಲಿಬರ್, ಅಂದ್ರೆ ನಳಿಗೆ ಒಳಗಿನ ಅಗಲ ಅರ್ಧ ಇಂಚು, ಸೀಸದ ದುಂಡು ಗುಂಡು, ನಳಿಗೆ ಒಳಗಿನ ಸುರುಳಿ ಗೀರಿನ ಟ್ವಿಸ್ಟ್ 48 ಇಂಚಿಗೆ ಒಂದು ಸುತ್ತು. ತೊಂದ್ರೆ ಏನಪ್ಪಾ ಅಂದ್ರೆ ಕುದುರೆ (ಕಲ್ಲು ಕಚ್ಕೊಂಡಿರೋ ಸುತ್ತಿಗೆ) ಬಿದ್ದು ನಳಿಗೆ ಪಕ್ಕದ ಸಣ್ಣ ಬಟ್ಟಲು, ಅದೇ ಪ್ಯಾನಲ್ಲಿರೋ ಮದ್ದು ಭಗ್ ಅಂತ ಉರಿತದೆ, ಒಳಗಿಂದು ಹತ್ಕಳದೇ ಇಲ್ಲ. ಎಲ್ಲಾ ಸಲ ಅಲ್ಲ, ಅದ್ರಲ್ಲೂ ಬೆಳಗ್ಗೆ ಮೊದ್ಲನೇ ಶಾಟ್‌ಗೆ ಗ್ಯಾರಂಟಿ ಹಿಂಗೇಯ. ಹತ್ಕೊಂಡ್ರೂ ಭಗ್ಗಿಗೂ ಢಮ್ಮಿಗೂ ಮಧ್ಯ ಗ್ಯಾಪು, ಅಷ್ಟ್ರಲ್ಲಿ ಕೈ ಅಲ್ಲಾಡೋಗಿರ್ತದೆ. 50 ಯಾರ್ಡಲ್ಲಿ ಎಲ್ಲಾ ಎಡಕ್ಕೆ, ಕೆಳಕ್ಕೆ ಚೆಲ್ಲಾಪಿಲ್ಲಿ. ಕಲ್ಲೂ ಬೇಗ ಮೊಂಡಾಯ್ತದೆ. ಕ್ಲಬ್ಬಲ್ಲಿ ಒಬ್ಬ ಟಚ್‌ಹೋಲ್, ಅದೇ ಪ್ಯಾನಿಂದ ಬೆಂಕಿ ಒಳಕ್ಕೆ ಹೋಗೋ ತೂತು, ದೊಡ್ಡದು ಮಾಡ್ಸು ಅಂತಾನೆ, ಇನ್ನೊಬ್ಬ ಗುರಿ ನೋಡೋ ಸೈಟ್ ಉಜ್ಜು ಅಂತಾನೆ. ವಾಪಸ್ ಹೋಗಕ್ಕೆ ಮುಂಚೆ ಇಲ್ಲಿಂದ ಏನಾರಾ ತಗೊಂಡೋಗ್ಬೇಕಾ ಅದ್ನೂ ಹೇಳಿ.

ಟೂಲ್‌ರೂಮ್_ಮೈಸೂರು

ತಮ್ಮಾ, ಡ್ರಿಲ್ ಬಿಟ್ ಮುಟ್ಟಬೇಡ ಮೊದಲು. ನಾನು ಟೂಲ್‌ರೂಮಲ್ಲಿ ಕೆಲಸ ಮಾಡಿ ರಿಟೈರ್ ಆದವನು, ಈಗ ವರ್ಷದಲ್ಲಿ ಸ್ವಲ್ಪ ದಿನ ಮಗಳ ಮನೆ ಒಹಾಯೋದಲ್ಲಿ ಇರ್ತೀನಿ, ಅಲ್ಲಿ ಅಳಿಯಂದಿರ ಸ್ನೇಹಿತರ ಕೋವಿಗಳ ಲಾಕ್, ಅಂದ್ರೆ ಕಿಡಿ ಹಾರಿಸೋ ಭಾಗನೆಲ್ಲಾ ಬಿಚ್ಚಿ ಸರಿ ಮಾಡಿಕೊಡೋದೇ ನನಗೆ ಟೈಂಪಾಸು.

ಪ್ಯಾನ್ ಉರೀತಿದೆ ಅಂದ್ರೆ ಲಾಕ್ ತನ್ನ ಕೆಲಸ ಮಾಡ್ತಿದೆ, ಬೆಂಕಿ ಒಳಗೆ ದಾಟ್ತಿಲ್ಲ ಅಷ್ಟೇ. ಮೊದಲನೇ ಶಾಟೇ ಕೈ ಕೊಡುತ್ತೆ ಅಂದ್ಯಲ್ಲ, ಅದು ಎಣ್ಣೆ. ಕ್ಲೀನ್ ಮಾಡಿ ಎಣ್ಣೆ ಹಚ್ಚಿ ಬಾಯಿ ಮೇಲೆ ಮಾಡಿ ನಿಲ್ಲಿಸಿರ್ತೀಯ, ಎಣ್ಣೆ ಇಳಿದು ತಳದಲ್ಲಿ ಟಚ್‌ಹೋಲ್ ಹತ್ರಾನೇ ಕೂರುತ್ತೆ, ಮೇಲೆ ಮದ್ದು ಸುರಿದರೆ ಅದೂ ಒದ್ದೆ. ಬಾಯಿ ಕೆಳಗೆ ಮಾಡಿ ಇಡು. ರೇಂಜಿಗೆ ಹೋದ ತಕ್ಷಣ ಒಣ ಬಟ್ಟೆ ತಳದವರೆಗೆ ಎಳಿ, ತೂತಿಗೆ ತೆಳ್ಳನೆ ತಂತಿ ಹಾಕಿ ತೆಗಿ, ಆಮೇಲೆ ಖಾಲಿ ನಳಿಗೆಯಲ್ಲಿ ಒಂದು ಸಲ ಬರೀ ಪ್ಯಾನ್ ಉರಿಸು. ಖಾಲಿ ಅಂದ್ರೆ ನಿಜವಾಗ್ಲೂ ಖಾಲಿ, ಗಜದ ಕಡ್ಡಿ ಮೇಲೆ ಖಾಲಿ ಇದ್ದಾಗ ಎಷ್ಟು ಇಳಿಯುತ್ತೆ ಅಂತ ಗುರುತು ಹಾಕಿಟ್ಟುಕೊ, ಪ್ರತಿ ಸಲ ನೋಡು.

ತೂತು ಸುಮಾರು 1/16 ಇಂಚು, ಅಂದ್ರೆ 1.6 ಮಿ.ಮೀ. ಇದ್ರೆ ಸಾಕು. ದೊಡ್ಡದು ಮಾಡಿದಷ್ಟೂ ಪಕ್ಕಕ್ಕೆ ಬೆಂಕಿ ಜಾಸ್ತಿ ಉಗಿಯುತ್ತೆ, ಒಳಗಿನ ಪ್ರೆಷರ್ ಸೋರುತ್ತೆ. ತೂತಿಗೆ ಕೂರಿಸಿರೋ ಲೈನರ್ (ತಿರುಪಿನ ತುಂಡು) ಇದ್ದರೆ ಬಿಚ್ಚಿಸಿ ಒಳಗಡೆಯಿಂದ ಕೋನ್ ಆಗಿದೆಯಾ ನೋಡು, ಕೋನ್ ಇದ್ದರೆ ಒಳಗಿನ ಮದ್ದು ಪ್ಯಾನಿಗೆ ಹತ್ತಿರ ಬಂದು ಕೂರುತ್ತೆ, ಗ್ಯಾಪ್ ಕಮ್ಮಿ ಆಗೋದು ಅಲ್ಲಿ. ಮತ್ತೆ ಪ್ಯಾನನ್ನ ತುಂಬಿ ತುಳುಕಿಸ್ತೀಯೇನೋ ಅಂತ ಡೌಟು. ತೂತು ಮುಚ್ಚೋ ಹಾಗೆ ಮದ್ದು ಹಾಕಿದ್ರೆ ಅದು ಪಟಾಕಿ ಬತ್ತಿ ಥರ ಉರಿದುಕೊಂಡು ಒಳಗೆ ಹೋಗಬೇಕು. ನುಣ್ಣನೆ 4ಎಫ್ ಪೌಡರ್, ಪ್ಯಾನಿನ ಮೂರನೇ ಒಂದು ಭಾಗ, ಅಷ್ಟೇ.

ಕಲ್ಲಿನ ವಿಷಯ. ಹಳೇ ಚರ್ಮದ ತುಂಡಲ್ಲಿ ಸುತ್ತಿ ಕುದುರೆ ಬಾಯಲ್ಲಿ ಬಿಗಿ ಮಾಡು, ಅಂಚು ಫ್ರಿಜ್ಜನ್‌ಗೆ, ಅಂದ್ರೆ ಪ್ಯಾನ್ ಮುಚ್ಚೋ, ಕಲ್ಲಿನ ಏಟು ತಿನ್ನೋ ಉಕ್ಕಿನ ತುಂಡಿಗೆ, ಪೂರ್ತಿ ಅಗಲಕ್ಕೆ ಸಮ ತಾಗಬೇಕು, ಒಂದು ಮೂಲೆ ಮುಂದೆ ಬಂದ್ರೆ ಆ ಮೂಲೆ ಮಾತ್ರ ಹೊಡ್ಕೊಂಡು ಒಡೆಯುತ್ತೆ. ಕಲ್ಲನ್ನ ಒಂದು ಸಲ ತಿರುಗಿಸಿ ಬೋರಲು ಹಾಕಿ ನೋಡು, ಕೆಲವು ಲಾಕ್‌ಗೆ ಹಾಗೇ ಒಗ್ಗುತ್ತೆ. ಆಮೇಲೆ ಫ್ರಿಜ್ಜನ್ ಮುಖ ನೋಡು. ಕಿಡಿ ಅಂದ್ರೆ ಕಲ್ಲಿಂದ ಬರೋದಲ್ಲ, ಕಲ್ಲು ಹೆರೆದ ಉಕ್ಕಿನ ಚೂರು ಉರಿಯೋದು. ಮುಖದ ಮೇಲೆ ಆಳವಾಗಿ ಗೀಚಿ ಹಳ್ಳ ಬಿದ್ದಿದ್ರೆ ಉಕ್ಕು ಮೆತ್ತಗಿದೆ, ಗೀರೇ ಇಲ್ಲದೆ ಕಲ್ಲು ಜಾರಿ ಚೂರಾಗ್ತಿದ್ರೆ ಹಾರ್ಡ್‌ನೆಸ್ ಜಾಸ್ತಿ. ಎರಡೂ ಇಲ್ಲ ಅಂದ್ರೆ ಫ್ರಿಜ್ಜನ್ ಸ್ಪ್ರಿಂಗ್ ಬಿಗಿ ಇರುತ್ತೆ, ಕಲ್ಲು ತಿನ್ನೋದು ಅದೇ. ಸ್ಪ್ರಿಂಗ್ ಉಜ್ಜೋ ಕೆಲಸ ಗೊತ್ತಿರೋರ ಕೈಗೆ ಕೊಡು, ಯೂಟ್ಯೂಬ್ ನೋಡ್ಕೊಂಡು ಮಾಡಬೇಡ.

ಪಟ್ಟಣದ_ಕೋಟೆ

ಊರಿಗೆ ಬಂದಿದ್ದೀರಂತೆ, ಪಾಂಡವಪುರದಿಂದ ಶ್ರೀರಂಗಪಟ್ಟಣ ಎಷ್ಟು ದೂರ, ದರಿಯಾ ದೌಲತ್‌ಗೆ ಒಂದ್ಸಲ ಬಂದು ಹೋಗಿ. ಟಿಪ್ಪು ಕಾಲದಲ್ಲಿ ಇಲ್ಲೇ ಪಟ್ಟಣದಲ್ಲೇ ಫ್ಲಿಂಟ್‌ಲಾಕ್ ಮಾಡ್ತಿದ್ರು, ಹುಲಿಪಟ್ಟೆ ಡಿಸೈನ್ ಹಾಕಿ ಟಿಪ್ಪುನೇ ಜಾರಿಗೆ ತಂದ ಮೌಲೂದಿ ಇಸವಿ ಕೆತ್ತಿರೋವು. 1799ರಲ್ಲಿ ಕೋಟೆ ಬಿದ್ದ ಮೇಲೆ ಒಳ್ಳೊಳ್ಳೆವೆಲ್ಲಾ ಇಂಗ್ಲೆಂಡ್ ಸೇರಿಬಿಟ್ವು, ಅದು ಬೇರೆ ಹೊಟ್ಟೆಉರಿ.

ನಿಮ್ಮ ಗ್ಯಾಪಿನ ಕಾಟ ಹಳೇದೇ. ಸ್ಕಾಟ್ಲೆಂಡಿನ ಪಾದ್ರಿ ಫೋರ್ಸಿತ್ ಅಂತ, ಪ್ಯಾನಿನ ಬೆಂಕಿ ಕಂಡ ತಕ್ಷಣ ಬಾತುಕೋಳಿ ಹಾರಿಹೋಗ್ತಾವೆ ಅಂತ ರೇಗಿ, ಏಟು ಬಿದ್ರೆ ಸಿಡಿಯೋ ಮದ್ದು ಬಳಸೋ ಲಾಕ್ ಮಾಡಿ 1807ರಲ್ಲಿ ಪೇಟೆಂಟ್ ತಗೊಂಡ. ಅಂಥ ಮದ್ದು ತುಂಬಿದ ಪುಟ್ಟ ಲೋಹದ ಟೋಪಿ ಮೇಲೆ ಏಟು ಬಿದ್ದು ಹಾರೋ ಕೇಪಿನ ಕೋವಿ ಬಂದಿದ್ದು ಅದೇ ದಾರೀಲಿ.

ಕೋಟೆ_ಕಾಡಂಚು

ನಮ್ದು ಎಚ್.ಡಿ.ಕೋಟೆ ಕಡೆ, ಮನೇಲಿ ಅಜ್ಜನ ಕಾಲದ ಕೇಪಿನ ಕೋವಿ ಐತೆ, ಲೈಸೆನ್ಸ್ ಐತೆ, ಎಲೆಕ್ಷನ್ ಬಂದಾಗೆಲ್ಲಾ ಠಾಣೆಗೆ ಒಪ್ಸಿ ಚೀಟಿ ಈಸ್ಕೊಂಡು ಬತ್ತೀವಿ. ಇದ್ನ ಓದಿ ಊರಲ್ಲಿ ಯಾರೂ ಬಾಗ್ಲ ಹಿಂದಿರೋ ಕೋವಿ ತಗ್ದು ತೂತು ಕೊರಿಯಕ್ಕೆ ಹೋಗ್ಬೇಡಿ ಸ್ವಾಮಿ, ಲೈಸೆನ್ಸ್ ಇಲ್ದೆ ಇಟ್ಕಂಡ್ರೆ ಆರ್ಮ್ಸ್ ಆಕ್ಟ್ ಕೇಸು. ಇನ್ನೊಂದು, ಅಣ್ಣೋ, ತೋಟಾ ಒಡ್ದು ಅದ್ರ ಹೊಗೆ ಬರ್ದಿರೋ ಮದ್ದು ಮಾತ್ರ ಯಾವತ್ತೂ ಹಾಕ್ಬೇಡ, ಇಂಥ ನಳಿಗೆ ಒಡ್ದು ಕೈ ಮುಖ ಎಲ್ಲಾ ಹೋಯ್ತದೆ. ಕಪ್ಪು ಮದ್ದು ಅಂದ್ರೆ ಕಪ್ಪು ಮದ್ದೇಯ.

ಹತ್ತಕ್ಕೆ_ಹತ್ತು (ಮೈಸೂರು)

ನಾನು ಏರ್ ರೈಫಲ್ ಕಾಂಪಿಟೇಷನ್ ಆಡ್ತಿದ್ದೆ, ಫ್ಲಿಂಟ್‌ಲಾಕ್ ಹೊರಗಡೆ ಹೋದಾಗ ಹೊಡ್ದಿದೀನಿ. ಟೂಲ್‌ರೂಮ್ ಸಾರ್ ಹೇಳಿದ್ದು ಎಲ್ಲಾ ಸರಿ, ಒಂದು ಮಾತು ಸೇರಿಸ್ತೀನಿ. ಪ್ಯಾನ್ ಪೌಡರ್ ಕಮ್ಮಿ ಇರಲಿ ಒಪ್ತೀನಿ, ಆದ್ರೆ ತೂತಿಂದ ದೂರ ತಳ್ಳಬೇಡಿ, ಮುಚ್ಚದ ಹಾಗೆ ಪಕ್ಕದಲ್ಲೇ ಇರಲಿ, ನನಗೆ ಹಂಗೇ ಫಾಸ್ಟ್ ಅನ್ಸಿದ್ದು.

ಎಡಕ್ಕೆ ಕೆಳಕ್ಕೆ ಹೋಗೋದು ರೈಫಲ್ ಅಲ್ಲ ಬ್ರೋ, ನೀನು. ಕಣ್ಣ ಮುಂದೆ ಬೆಂಕಿ ಎದ್ದಾಗ ಬೆಚ್ಚಿ ಟ್ರಿಗರ್ ಕಿತ್ತು ತಲೆ ಎತ್ತುತೀಯ. ಢಮ್ ಅಂದ ಮೇಲೂ ಫ್ರಂಟ್ ಸೈಟ್ ಟಾರ್ಗೆಟ್ ಮೇಲೆ ಇದೆಯಾ ಅಂತ ನೋಡ್ತಾನೇ ಇರು. ಪ್ರಾಕ್ಟೀಸ್‌ಗೆ ಕಲ್ಲು ತೆಗೆದು ಅದೇ ಸೈಜಿನ ಮರದ ತುಂಡು ಹಾಕಿ ಖಾಲಿ ರೈಫಲ್ಲಲ್ಲಿ ಟ್ರಿಗರ್ ಎಳಿ, ಫ್ರಿಜ್ಜನ್ನೂ ಸವೆಯಲ್ಲ. ಹತ್ಕೊಳ್ಳದೇ ಹೋದ್ರೆ ನಳಿಗೆ ಟಾರ್ಗೆಟ್ ಕಡೆನೇ ಹಿಡಿದು ಒಂದು ನಿಮಿಷ ಕಾಯಿ, ತಡವಾಗಿ ಹಾರೋದು ಉಂಟು.

ಆಮೇಲೆ ಪ್ಯಾಚ್, ಅಂದ್ರೆ ಗುಂಡಿಗೆ ಸುತ್ತಿ ನೂಕೋ ಬಟ್ಟೆ ತುಂಡು. .490 ಇಂಚಿನ ಗುಂಡಿಗೆ .015 ಇಂಚು ದಪ್ಪದ ಕಾಟನ್‌ನಿಂದ ಶುರು ಮಾಡು, ಮದ್ದು 60 ಗ್ರೇನ್ (ಮದ್ದು ಅಳೆಯೋ ಸಣ್ಣ ಅಳತೆ) ಹಾಕಿ ಐದೈದು ಗ್ರೇನ್ ಹೆಚ್ಚು ಕಮ್ಮಿ ಮಾಡಿ ಗ್ರೂಪ್, ಅಂದ್ರೆ ಏಟುಗಳು ಎಷ್ಟು ಹತ್ರ ಬೀಳ್ತವೆ ಅಂತ ನೋಡು. ಹೊಡೆದ ಪ್ಯಾಚ್‌ಗಳು ಮುಂದೆ ನೆಲದಲ್ಲಿ ಬಿದ್ದಿರ್ತವೆ, ರೇಂಜ್ ಕ್ಲೋಸ್ ಆದಾಗ ಎತ್ಕೊಂಡು ಬಾ. ನಡುವೆ ಕಪ್ಪಗೆ ದುಂಡಗೆ ಕಲೆ, ಅಂಚು ಸ್ವಲ್ಪ ಎಳೆಎಳೆ, ಇಷ್ಟೇ ಇದ್ರೆ ಓಕೆ. ಸುಟ್ಟು ತೂತಾಗಿದ್ರೆ ಬಟ್ಟೆಗೆ ಹಚ್ಚೋ ಜಿಡ್ಡು (ಲೂಬ್) ಸಾಲದು ಇಲ್ಲ ಬಟ್ಟೆ ತೆಳು, ಕತ್ತರಿಸಿದ ಹಾಗೆ ಸೀಳಿದ್ರೆ ರೈಫ್ಲಿಂಗ್ (ನಳಿಗೆ ಒಳಗಿನ ಸುರುಳಿ ಗೀರು) ಅಂಚು ಚೂಪು. ಎರಡು ಶಾಟ್ ಮಧ್ಯೆ ಒದ್ದೆ ಬಟ್ಟೆ ಒಂದು, ಒಣದು ಒಂದು ಎಳಿ, ಇಲ್ಲಾಂದ್ರೆ ಮಸಿ ಕಟ್ಟಿ ಗ್ರೂಪ್ ಹಾಳು.

ಗ್ರೂಪ್ ಬಿಗಿ ಆದ್ಮೇಲೆ ಸೈಟ್ ಮುಟ್ಟು. ಏಟು ಎಡಕ್ಕಿದ್ರೆ ಹಿಂದಿನ ಸೈಟ್ ಬಲಕ್ಕೆ ಸರ್ಸು. ಕೆಳಗಿದ್ರೆ ಮುಂದಿನ ಸೈಟ್ ಅರದಿಂದ ಒಂದೆರಡು ಸಲ ಉಜ್ಜಿ ಹೊಡೆದು ನೋಡು, ಉಜ್ಜಿದ್ದು ವಾಪಸ್ ಬರಲ್ಲ.

ಪಾಂಡವಪುರದ_ಹೈದ

ಟೂಲ್‌ರೂಮ್ ಸಾರ್, ಕರೆಕ್ಟಾಗಿ ಹಿಡ್ದ್ರಿ, ಗೋಡೆಗೆ ಒರಗಿಸಿ ಬಾಯಿ ಮೇಲೆ ಮಾಡೇ ಇಡೋದು. ಫ್ರಿಜ್ಜನ್ ಫೋಟೋ ಫೋನಲ್ಲಿತ್ತು, ಝೂಮ್ ಮಾಡಿ ನೋಡ್ದೆ, ಗೀರೆಲ್ಲಾ ಬಲಗಡೆ ಅರ್ಧಕ್ಕೇ ಅವೆ, ಎಡಗಡೆ ಹೊಸದ್ರಂಗೆ ಹೊಳಿತದೆ.

ಪ್ಯಾಚ್‌ಗೆ ಹಾಸಿಗೆ ಹೊಲಿಯೋ ಪಟ್ಟೆಪಟ್ಟೆ ಬಟ್ಟೆ ಬಳಸ್ತಾರೆ ಅಲ್ಲಿ. ಅದು ಮೈಸೂರಲ್ಲಿ ಸಂತೆಪೇಟೆ ಕಡೆ ಸಿಕ್ತದಲ್ವಾ, ಎರಡು ಮೀಟರ್ ತಗಂಡೋಗ್ಲಾ?

ಟೂಲ್‌ರೂಮ್_ಮೈಸೂರು

ಹಾಗಾದ್ರೆ ಕಲ್ಲು ಓರೆ ಕೂತಿದೆ, ಫ್ರಿಜ್ಜನ್‌ಗೆ ಏನೂ ಆಗಿಲ್ಲ. ಸ್ಕ್ರೂ ಸಡಿಲ ಮಾಡಿ ಫ್ರಿಜ್ಜನ್ ಮುಚ್ಚಿ ಕಲ್ಲಿನ ಅಂಚು ಅದಕ್ಕೆ ಒತ್ತಿಸಿ ಹಿಡಿದು ಬಿಗಿ ಮಾಡು, ತಾನೇ ಸಮ ಕೂರುತ್ತೆ.

ಬಟ್ಟೆ ತಗೊಂಡು ಹೋಗು, ಆದ್ರೆ ಪ್ಯೂರ್ ಕಾಟನ್ ಅಂತ ಅಂಗಡಿಯವನ ಬಾಯಿಮಾತು ನಂಬಬೇಡ. ಒಂದು ಎಳೆ ಕಿತ್ತು ಬೆಂಕಿ ಕಡ್ಡಿ ಹಿಡಿ, ಬೂದಿ ಆದ್ರೆ ಕಾಟನ್ನು, ಕರಗಿ ಗಂಟಾದ್ರೆ ಪಾಲಿಯೆಸ್ಟರ್ ಸೇರಿದೆ, ಅದು ನಳಿಗೆಯಲ್ಲಿ ಕರಗಿ ಅಂಟುತ್ತೆ. ಗಂಜಿ ಹೋಗೋ ಹಾಗೆ ಎರಡು ಸಲ ಒಗೆಸಿಕೊ. ಚರ್ಮದ ತುಂಡು ಚಪ್ಪಲಿ ಹೊಲಿಯೋರ ಹತ್ರ ಕೇಳಿದ್ರೆ ಹಾಗೇ ಕೊಡ್ತಾರೆ. ರೇಂಜಿಗೆ ಒಯ್ಯೋ ಬ್ಯಾಗಲ್ಲೇ ಬಂದಿದ್ರೆ ಮಾತ್ರ ಅದನ್ನ ಏರ್‌ಪೋರ್ಟಿಗೆ ತರಬೇಡ, ಮದ್ದಿನ ಧೂಳು ಟೆಸ್ಟಲ್ಲಿ ಸಿಕ್ಕಿದ್ರೆ ಫ್ಲೈಟ್ ಮಿಸ್ಸು.