ಹುಬ್ಬಳ್ಳಿಯ ಖಾಸಗಿ ಆಸ್ಪತ್ರೆಗಳು: ಊರಿಗೆ ಬೇಕಾ, ಬೇಡವಾ?

ಕುಂದಗೋಳದವ: ಹುಬ್ಬಳ್ಳಿಯ ಒಂದು ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ನಮ್ಮ ಮಾವನಿಗೆ ಸ್ಟೆಂಟ್ (ಹೃದಯದ ರಕ್ತನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿಸಿದೆವು. ಎದೆನೋವು ಅಂತ ರಾತ್ರಿ ಕರೆದುಕೊಂಡು ಹೋದರೆ, ಮೊದಲು ಅಡ್ವಾನ್ಸ್ ಕಟ್ಟಿ ಅಂದರು. ಬಿಲ್ಲಿನಲ್ಲಿ ಅರ್ಧಕ್ಕರ್ಧ ಏನು ಅಂತಲೇ ತಿಳಿಯಲಿಲ್ಲ. ಜೀವ ಉಳಿಯಿತು, ಅದು ಬೇರೆ ಮಾತು. ಲಾಭಕ್ಕೆ ನಡೆಸುವ ಆಸ್ಪತ್ರೆ ನಮ್ಮ ಊರಿಗೆ ಬೇಕಾ?

ಹಳೇಹುಬ್ಬಳ್ಳಿ ಕಾಕಾ: ಬೇಕು ತಮ್ಮಾ. ನಮ್ಮ ಹಿರಿಯರು ದೊಡ್ಡ ಆಪರೇಷನ್ ಅಂದರೆ ಮಿರಜಿನ ಮಿಷನ್ ಆಸ್ಪತ್ರೆಗೆ ರೈಲು ಹತ್ತುತ್ತಿದ್ದರು. 1957ರಲ್ಲಿ ಇಲ್ಲಿ ಕೆಎಂಸಿ, ಅಂದರೆ ಸರ್ಕಾರಿ ಮೆಡಿಕಲ್ ಕಾಲೇಜು, ಶುರುವಾಯಿತು, 1996ರಲ್ಲಿ ಅದೇ ಕಿಮ್ಸ್ ಆಯಿತು. (ಈಗ ಮತ್ತೆ ಹೆಸರು ಬದಲಾಗಿದೆ, ನನ್ನ ಬಾಯಲ್ಲಿ ಮಾತ್ರ ಕೆಎಂಸಿನೇ.) ಅಲ್ಲಿ ಓದಿದ, ಅಲ್ಲೇ ಪಾಠ ಹೇಳಿದ ಎಷ್ಟೋ ಡಾಕ್ಟರುಗಳು ಊರಲ್ಲಿ ನರ್ಸಿಂಗ್ ಹೋಂ ತೆಗೆದರು. ಕೆಳಗೆ ಒಪಿಡಿ, ಮೆಡಿಕಲ್ ಶಾಪ್, ಮೇಲೆ ಅವರದೇ ಮನೆ. ಆಮೇಲೆ ನಾಲ್ಕು ಜನ ಕೂಡಿ, ಬ್ಯಾಂಕ್ ಸಾಲ ಎತ್ತಿ ಐಸಿಯು, ಸ್ಕ್ಯಾನ್, ಸ್ಟೆಂಟ್ ಹಾಕುವ ಕ್ಯಾಥ್‌ಲ್ಯಾಬ್ ಹಾಕಿಸಿದರು. ಈಗ ಗದಗ, ಹಾವೇರಿಯಿಂದಲೂ ಪೇಷಂಟ್ ಬರುತ್ತಾರೆ.

ಬೆಟಗೇರಿ ಹುಡುಗಿ: ಆ ಸಾಲದ ಕಂತು ಕಟ್ಟೋರು ನಾವೇ ಅಲ್ವಾ ಕಾಕಾ? ಬೇಡದ ಟೆಸ್ಟ್ ಬರೆಯೋದು ಸುಮ್ನೆನಾ?

ಧಾರವಾಡ ಸ್ಟಾಫ್ ನರ್ಸ್: ಎಲ್ಲಾ ಟೆಸ್ಟೂ ಬೇಡದವು ಅನ್ನಬೇಡಿ. ರಾತ್ರಿ ಎರಡಕ್ಕೂ ಕ್ಯಾಥ್‌ಲ್ಯಾಬ್ ತೆಗೆಯಬೇಕು ಅಂದರೆ ಟೆಕ್ನಿಷಿಯನ್, ನರ್ಸ್ ಎಲ್ಲರೂ ತಯಾರಿರಬೇಕು, ಅದಕ್ಕೆ ಖರ್ಚಿದೆ. ಆದರೆ ಸ್ಟೆಂಟಿನ ಕಥೆ ಕೇಳಿ. 2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಅದರ ಬೆಲೆಗೆ ಮಿತಿ ಹಾಕಿತು. ಲಕ್ಷ ದಾಟುತ್ತಿದ್ದ, ಔಷಧಿ ಲೇಪಿಸಿದ ಸ್ಟೆಂಟು ಆಗ 29,600 ರೂಪಾಯಿಗೆ ಬಂತು, ತೆರಿಗೆ ಬೇರೆ. ಡಾಕ್ಟರ್ ಫೀ, ರೂಮು, ಕ್ಯಾಥ್‌ಲ್ಯಾಬ್ ಚಾರ್ಜಿಗೆ ಆ ಮಿತಿ ಇಲ್ಲ. ಹೆಚ್ಚು ಕಡಿಮೆ ಆಗೋದು ಅಲ್ಲೇ. ಸ್ಟೆಂಟಿನ ಬೆಲೆ, ಬ್ರ್ಯಾಂಡು, ಬ್ಯಾಚ್ ನಂಬರ್ ಬಿಲ್ಲಿನಲ್ಲಿ ಬೇರೆಯಾಗಿ ಬರೆಯಬೇಕು. ಬರೆದಿದ್ದಾರಾ ನೋಡಿ ಅಣ್ಣಾ.

ಬೆಟಗೇರಿ ಹುಡುಗಿ: 2017ರ ನವೆಂಬರ್ ನೆನಪಿದೆಯಾ? ಖಾಸಗಿ ಆಸ್ಪತ್ರೆ ಕಾಯ್ದೆ ತಿದ್ದಬೇಡಿ ಅಂತ ರಾಜ್ಯದ ಡಾಕ್ಟರುಗಳು ಒಪಿಡಿ ಮುಚ್ಚಿ ಕೂತಿದ್ದರು. ಎಲ್ಲ ರೋಗಿಗಳಿಗೂ ಸರ್ಕಾರವೇ ದರ ನಿಗದಿ ಮಾಡುವ ಮಾತಿನಿಂದ ಶುರುವಾಗಿ, ಕೊನೆಗೆ ಸರ್ಕಾರಿ ಯೋಜನೆಯ ರೋಗಿಗಳಿಗಷ್ಟೇ ದರ ಅಂತಾಯಿತು.

ಧಾರವಾಡ ಸ್ಟಾಫ್ ನರ್ಸ್: ಹೌದು, ಆದರೂ ಆ ಕಾಯ್ದೆಯಲ್ಲಿ ರೋಗಿಗೆ ಸ್ವಲ್ಪ ಉಳಿದಿದೆ. ಎಮರ್ಜೆನ್ಸಿಯಲ್ಲಿ ಅಡ್ವಾನ್ಸ್ ಇಲ್ಲ ಅಂತ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಬಾಕಿ ಇದೆ ಅಂತ ಹೆಣ ಹಿಡಿದಿಟ್ಟುಕೊಳ್ಳುವಂತಿಲ್ಲ. ದೂರು ಕೇಳೋಕೆ ಡಿಸಿ ಅಧ್ಯಕ್ಷತೆಯ ಜಿಲ್ಲಾ ಸಮಿತಿ ಇದೆ, ಜಿಲ್ಲಾ ಆರೋಗ್ಯಾಧಿಕಾರಿ ಅಂದರೆ ಡಿಎಚ್‌ಒ ಕಚೇರಿಯಲ್ಲಿ ಕೊಡಬಹುದು. ಬಿಪಿಎಲ್ ಕಾರ್ಡ್ ಇತ್ತಾ? ಸರ್ಕಾರದ ಆರೋಗ್ಯ ಯೋಜನೆ ಆಯುಷ್ಮಾನ್‌ನಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಆಸ್ಪತ್ರೆ ಯೋಜನೆಯಲ್ಲಿ ಇರಬೇಕು ಅಷ್ಟೇ. ಎಮರ್ಜೆನ್ಸಿ ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು.

ಹಳೇಹುಬ್ಬಳ್ಳಿ ಕಾಕಾ: ಆ ಚೀಟಿಗಾಗಿ ಓಡಾಡಿದವನಿಗೇ ಗೊತ್ತು ಅದರ ಕಷ್ಟ.

ಕುಂದಗೋಳದವ: ಕಾರ್ಡ್ ಇತ್ತು, ಆ ರಾತ್ರಿ ಯಾರೂ ಕೇಳಲೇ ಇಲ್ಲ. ಬಿಲ್ ತೆಗೆದು ನೋಡಿದೆ ಅಕ್ಕಾ. ಸ್ಟೆಂಟಿನ ಬೆಲೆ ಬೇರೆ ಇದೆ, ಬ್ಯಾಚ್ ನಂಬರ್ ಇಲ್ಲ. ಸೋಮವಾರ ಹೋಗಿ ಕೇಳುತ್ತೇನೆ.

ಧಾರವಾಡ ಸ್ಟಾಫ್ ನರ್ಸ್: ಬಾಯಲ್ಲಿ ಕೇಳಬೇಡಿ, ಬರೆದು ಕೊಟ್ಟು ಸೀಲ್ ಹಾಕಿಸಿಕೊಳ್ಳಿ. ಡಿಸ್ಚಾರ್ಜ್ ಸಮರಿಯ ಜೆರಾಕ್ಸ್ ಜೊತೆಗಿರಲಿ.