ಲೋಯರ್ ಆರ್ಮ್ ಬದಲಿಸಿದ ಮೇಲೆ 80 ದಾಟಿದರೆ ನಡುಕ: ಫೋನಿನಲ್ಲಿ ಅಳೆದು ಕಾರಣ ಹುಡುಕಬಹುದಾ?

ಹೆದ್ದಾರಿ ಪಯಣಿಗ

ಎಲ್ಲರಿಗೂ ನಮಸ್ಕಾರ. ನನ್ನದು 2019ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಐದು ಗೇರ್ ಮ್ಯಾನುಯಲ್, ಟೈರ್ 185/65 ಆರ್15. 82,000 ಕಿ.ಮೀ. ಓಡಿದೆ. ಮುಂದಿನ ಲೋಯರ್ ಆರ್ಮಿನ (ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ಕೆಳಗಿನ ತೋಳು) ಬುಶ್‌ಗಳು, ಅಂದರೆ ಕೀಲಿನ ರಬ್ಬರ್ ತುಂಡುಗಳು, ಸವೆದಿದ್ದವು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬೇರೆ ಕಂಪನಿಯ ಲೋಯರ್ ಆರ್ಮ್ ಜೋಡಿ ತಂದು ನಮ್ಮೂರಿನ ಗ್ಯಾರೇಜಿನಲ್ಲಿ ಹಾಕಿಸಿದೆ. ಅಲೈನ್‌ಮೆಂಟ್ ಕೂಡ ಆಯಿತು.

ಈಗ ತುಮಕೂರು–ಶಿರಾ ರಸ್ತೆಯಲ್ಲಿ 80 ದಾಟಿದರೆ ಸ್ಟೇರಿಂಗ್ ಮತ್ತು ನೆಲ ನಡುಗುತ್ತವೆ. ಸಣ್ಣ ಉಬ್ಬು ಸಿಕ್ಕರೂ ದಡ್ ಅನ್ನುತ್ತದೆ. ಮೊದಲು ಇವೆರಡೂ ಇರಲಿಲ್ಲ. ಆರ್ಮ್ ಕೆಟ್ಟದ್ದು ಅಂತ ವಾಪಸ್ ಕೊಡೋಣ ಅಂದುಕೊಂಡಿದ್ದೇನೆ. ಅದಕ್ಕೆ ಮೊದಲು ಫೋನಿನಲ್ಲಿ ಫಿಫಾಕ್ಸ್ (ಫೋನಿನ ಸೆನ್ಸರ್‌ನಿಂದ ಕಂಪನ ಅಳೆಯುವ ಆ್ಯಪ್) ಹಾಕಿಕೊಂಡು ಅಳೆದೆ. ಗೆರೆಗಳು ಎಲ್ಲೆಲ್ಲೂ ಎದ್ದಿವೆ, ಒಂದೂ ಅರ್ಥವಾಗಲಿಲ್ಲ. ಫೋನ್ ಡ್ಯಾಶ್‌ಬೋರ್ಡಿನ ಹೋಲ್ಡರಿನಲ್ಲಿತ್ತು.

ಸ್ಪ್ಯಾನರ್ ಸೆಟ್

ಸರ್, ಮೊದಲು ಒಂದು ಮಾತು. ಅಳೆಯಲು ಹೊರಡುವ ಮುಂಚೆ ಬಾಲ್ ಜಾಯಿಂಟ್ (ಆರ್ಮ್ ಚಕ್ರದ ಕಡೆ ಸೇರುವ ಕೀಲು) ಬೋಲ್ಟ್, ಆರ್ಮಿನ ಬೋಲ್ಟ್, ವೀಲ್ ನಟ್ ಎಲ್ಲವೂ ಬಿಗಿಯಾಗಿವೆಯಾ ಅಂತ ಟಾರ್ಕ್ ವ್ರೆಂಚಿನಲ್ಲಿ ನೋಡಿಸಿ. ಇದನ್ನು ಮಾಡದೆ ದಯವಿಟ್ಟು ಮತ್ತೆ ಹೆದ್ದಾರಿಗೆ ಹೋಗಬೇಡಿ.

ಹೋಲ್ಡರಿನಲ್ಲಿಟ್ಟರೆ ಹೋಲ್ಡರಿನ ಕುಣಿತವೇ ದಾಖಲಾಗುತ್ತದೆ. ಫೋನನ್ನು ಮುಂದಿನ ಸೀಟಿನ ಹಳಿಯ ಪಕ್ಕ, ಕಾರ್ಪೆಟ್ ಸರಿಸಿ, ಗಟ್ಟಿ ಲೋಹದ ಮೇಲೆ ಡಬಲ್ ಟೇಪಿನಲ್ಲಿ ಅಂಟಿಸಿ. ಪಕ್ಕದಲ್ಲಿ ಒಬ್ಬರು ಕೂತು ಫೋನ್ ನೋಡಿಕೊಳ್ಳಲಿ. ಟೈರ್ ಗಾಳಿ ಸರಿ ಮಾಡಿಸಿ, ಹದಿನೈದು ನಿಮಿಷ ಓಡಿಸಿದ ಮೇಲೆ ಶುರು ಮಾಡಿ. ನಿಂತಲ್ಲೇ ನಿಂತಿದ್ದ ಟೈರಿನ ತಳ ಸ್ವಲ್ಪ ಚಪ್ಪಟೆಯಾಗಿರುತ್ತದೆ, ಅದೂ ನಡುಕ ಕೊಡುತ್ತದೆ.

ಒಂದೇ ನುಣ್ಣನೆ ರಸ್ತೆಯಲ್ಲಿ 70, 80, 90ರಲ್ಲಿ ಬೇರೆ ಬೇರೆ ಅಳೆಯಿರಿ. ಪ್ರತಿ ವೇಗವನ್ನೂ ಕನಿಷ್ಠ ಹತ್ತು ಸೆಕೆಂಡ್ ಒಂದೇ ಸಮ ಹಿಡಿಯಿರಿ. ಹತ್ತು ಸೆಕೆಂಡಿನ ದಾಖಲೆ ಇದ್ದರೆ 0.1 ಹರ್ಟ್ಜ್ (ಸೆಕೆಂಡಿಗೆ ಎಷ್ಟು ಸಲ ನಡುಗುತ್ತದೆ ಅನ್ನುವ ಅಳತೆ) ಅಂತರದಷ್ಟು ಬಿಡಿಸಿ ನೋಡಬಹುದು. ವೇಗವನ್ನು ಜಿಪಿಎಸ್‌ನಿಂದಲೇ ತೆಗೆದುಕೊಳ್ಳಿ, ಕಾರಿನ ಮೀಟರ್ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ ತೋರಿಸುತ್ತದೆ.

ಇನ್ನು ಲೆಕ್ಕ. ನಿಮ್ಮ ಟೈರ್ ಒಂದು ಸುತ್ತಿಗೆ ಸುಮಾರು 1.9 ಮೀಟರ್ ಹೋಗುತ್ತದೆ. ಗಂಟೆಗೆ 80 ಕಿ.ಮೀ. ಅಂದರೆ ಸೆಕೆಂಡಿಗೆ 22.2 ಮೀಟರ್. ಭಾಗಿಸಿದರೆ ಸೆಕೆಂಡಿಗೆ 11.7 ಸುತ್ತು, ಅಂದರೆ 11.7 ಹರ್ಟ್ಜ್. 70ಕ್ಕೆ 10.2, 90ಕ್ಕೆ 13.2. ಗೆರೆಯ ತುದಿ (ನಡುಕ ಅತಿ ಹೆಚ್ಚಿರುವ ಹರ್ಟ್ಜ್) ಹೀಗೆ ವೇಗದ ಜೊತೆಗೇ ಸರಿಯುತ್ತಾ ಹೋದರೆ ನಡುಕದ ಮೂಲ ತಿರುಗುವ ವಸ್ತು: ಚಕ್ರ, ಟೈರ್, ಬ್ರೇಕ್ ಡಿಸ್ಕ್ ಅಥವಾ ಡ್ರೈವ್ ಶಾಫ್ಟ್ (ಇಂಜಿನ್ನಿನ ಶಕ್ತಿಯನ್ನು ಚಕ್ರಕ್ಕೆ ತಲುಪಿಸುವ ದಂಡ). ಆರ್ಮ್ ತಿರುಗುವುದಿಲ್ಲ ಅಲ್ವಾ? ವೇಗ ಬದಲಾದರೂ ತುದಿ ಒಂದೇ ಜಾಗದಲ್ಲಿ ನಿಂತರೆ ಆಗ ಸಸ್ಪೆನ್ಶನ್ನಿನ ಸ್ವಂತ ಕಂಪನದ ಕಡೆ ನೋಡಬೇಕು. ಕಾರಿನ ಮೈ 1ರಿಂದ 1.5 ಹರ್ಟ್ಜ್‌ನಲ್ಲಿ ತೂಗುತ್ತದೆ. ಚಕ್ರ 10ರಿಂದ 15ರ ಸುಮಾರಿನಲ್ಲಿ ಪುಟಿಯುತ್ತದೆ. 80–90ರಲ್ಲಿ ಚಕ್ರದ ಸುತ್ತು ಇದೇ ಜಾಗಕ್ಕೆ ಬಂದು ಸೇರುವುದರಿಂದ ಸಣ್ಣ ತೂಕದ ವ್ಯತ್ಯಾಸವೂ ದೊಡ್ಡದಾಗಿ ಕಾಣುತ್ತದೆ.

ಡ್ರೈವ್ ಶಾಫ್ಟ್ ಬಗ್ಗೆಯೂ ನೋಡಿ. ಆರ್ಮ್ ಬಿಚ್ಚಿದಾಗ ಹಬ್ (ಚಕ್ರ ಕೂರುವ ಭಾಗ) ಅನ್ನು ಜಾಸ್ತಿ ಹೊರಗೆ ಎಳೆದರೆ ಶಾಫ್ಟಿನ ಒಳಗಿನ ತುದಿಯ ಜಾಯಿಂಟ್ ಜಾಗ ತಪ್ಪಬಹುದು. ಅದರ ಗುರುತು ಚಕ್ರದ ಸುತ್ತಿನ ಮೂರು ಪಟ್ಟಿನಲ್ಲಿ, 80ಕ್ಕೆ 35 ಹರ್ಟ್ಜ್ ಹತ್ತಿರ ಬರುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಜೋರಾಗಿ, ಬಿಟ್ಟಾಗ ಕಡಿಮೆಯಾಗುತ್ತದೆ.

ಕೆಂಪುಮಣ್ಣು

ಒಂದು ಸೇರಿಸುತ್ತೇನೆ. ಫೋನ್ ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೆ ಅಂತ ನೋಡಿಕೊಳ್ಳಿ. 100 ಸಲ ಅಳೆದರೆ 50 ಹರ್ಟ್ಜ್‌ವರೆಗೆ ಮಾತ್ರ ನಂಬಬಹುದು. ಇಂಜಿನ್ 2400 ಆರ್‌ಪಿಎಂನಲ್ಲಿದ್ದರೆ ನಾಲ್ಕು ಸಿಲಿಂಡರಿನ ಮುಖ್ಯ ಕಂಪನ 80 ಹರ್ಟ್ಜ್. ಫೋನಿನ ಅಳತೆ ಅಷ್ಟು ಬೇಗ ಇಲ್ಲದ್ದರಿಂದ ಅದು ಮಡಚಿಕೊಂಡು 20ರಲ್ಲಿ ಸುಳ್ಳು ಗೆರೆಯಾಗಿ ಕಾಣಬಹುದು. ಅನುಮಾನ ಬಂದರೆ ಅದೇ ವೇಗವನ್ನು ನಾಲ್ಕನೇ ಗೇರಿನಲ್ಲೂ ಐದನೇ ಗೇರಿನಲ್ಲೂ ಅಳೆಯಿರಿ. ಗೇರ್ ಬದಲಿಸಿದಾಗ ಸರಿಯುವ ಗೆರೆ ಇಂಜಿನ್ನಿನದು.

ಹೆದ್ದಾರಿ ಪಯಣಿಗ

ಬೋಲ್ಟ್‌ಗಳೆಲ್ಲ ಬಿಗಿಯಾಗಿದ್ದವು. ಭಾನುವಾರ ಬೆಳಿಗ್ಗೆ ತಮ್ಮನನ್ನು ಕೂರಿಸಿಕೊಂಡು ಅಳೆದೆ. 70ರಲ್ಲಿ ತುದಿ 10.3, 80ರಲ್ಲಿ 11.8, 90ರಲ್ಲಿ 13.2. ಎತ್ತರ ಜಾಸ್ತಿ ಇದ್ದದ್ದು 90ರಲ್ಲಿ, 0.4 ಮೀಟರ್ ಪ್ರತಿ ಸೆಕೆಂಡ್ ವರ್ಗದ ಹತ್ತಿರ. 35ರ ಸುತ್ತಮುತ್ತ ಏನೂ ಇಲ್ಲ. ಆಕ್ಸಿಲರೇಟರ್ ಬಿಟ್ಟರೂ ನಡುಕ ಹಾಗೇ ಇದೆ.

ಸ್ಪ್ಯಾನರ್ ಸೆಟ್

ಇದು ಚಕ್ರದ ಕೆಲಸ ಸರ್. ಆರ್ಮ್ ವಾಪಸ್ ಕೊಡಬೇಡಿ. ಮುಂದಿನ ಎರಡೂ ಚಕ್ರ ಬಿಚ್ಚಿಸಿ, ಹಬ್ಬಿನ ಮುಖವನ್ನು ತಂತಿ ಬ್ರಷ್‌ನಲ್ಲಿ ಉಜ್ಜಿಸಿ, ಬ್ಯಾಲೆನ್ಸಿಂಗ್ ಮಾಡಿಸಿ. ಚಕ್ರ ತೆಗೆದು ಹಾಕುವಾಗ ತುಕ್ಕಿನ ಚೂರು ನಡುವೆ ಸಿಕ್ಕರೆ ಚಕ್ರ ಓರೆಯಾಗಿ ಕೂರುತ್ತದೆ.

ದಡ್ ಅನ್ನುವುದು ಬೇರೆ ವಿಷಯ. ಗ್ಯಾರೇಜಿನವರು ಆರ್ಮಿನ ಬೋಲ್ಟನ್ನು ಎಲ್ಲಿ ಬಿಗಿ ಮಾಡಿದರು ಅಂತ ಕೇಳಿ. ಬುಶ್ಶಿನ ಒಳಗಿನ ಕಬ್ಬಿಣದ ಕೊಳವೆಯನ್ನು ಬೋಲ್ಟ್ ಕಚ್ಚಿ ಹಿಡಿಯುತ್ತದೆ. ರಬ್ಬರ್ ಆ ಕೊಳವೆಗೂ ಹೊರಗಿನ ಉಂಗುರಕ್ಕೂ ಅಂಟಿಕೊಂಡಿರುತ್ತದೆ. ಆರ್ಮ್ ಆಡಿದಾಗ ರಬ್ಬರೇ ತಿರುಚಬೇಕು. ಲಿಫ್ಟಿನ ಮೇಲೆ ಚಕ್ರ ಜೋತುಬಿದ್ದಾಗ ಬಿಗಿ ಮಾಡಿದರೆ ಆ ಜೋತುಬಿದ್ದ ಸ್ಥಿತಿಯೇ ರಬ್ಬರಿಗೆ ಆರಾಮದ ಸ್ಥಿತಿ ಆಗುತ್ತದೆ. ಕಾರು ನೆಲಕ್ಕಿಳಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಆಮೇಲೆ ಸಣ್ಣ ಉಬ್ಬನ್ನೂ ನುಂಗುವುದಿಲ್ಲ, ಬೇಗ ಸೀಳುತ್ತದೆ. ಕಾರಿನ ಭಾರ ಚಕ್ರದ ಮೇಲೆ ಬಿದ್ದಿರುವಾಗಲೇ ಸಡಿಲಿಸಿ ಮತ್ತೆ ಬಿಗಿ ಮಾಡಿಸಬೇಕು. ಬೋಲ್ಟ್ ಅಡ್ಡಲಾಗಿ ಹೋಗಿ, ಆರ್ಮ್ ಅದರ ಸುತ್ತಲೇ ಮೇಲೆ ಕೆಳಗೆ ಆಡುವ ಬುಶ್ಶಿಗೆ ಇದು ತುಂಬಾ ಮುಖ್ಯ. ಎಷ್ಟು ಟಾರ್ಕ್ ಅನ್ನುವುದನ್ನು ನಿಮ್ಮ ಕಾರಿನ ಸರ್ವಿಸ್ ಪುಸ್ತಕದಲ್ಲೇ ನೋಡಿ.

ಹೆದ್ದಾರಿ ಪಯಣಿಗ

ಎರಡೂ ಆಯಿತು. ಬೇಕಂತಲೇ ಒಂದೊಂದಾಗಿ ಮಾಡಿಸಿದೆ, ಯಾವುದರಿಂದ ಏನು ಸರಿಹೋಯಿತು ಅಂತ ತಿಳಿಯಲಿ ಅಂತ. ಎಡಗಡೆ ಮುಂದಿನ ರಿಮ್ಮಿನ ಒಳಬದಿಯ ತೂಕದ ಕ್ಲಿಪ್ ಇರಲೇ ಇಲ್ಲ, ಬಿದ್ದ ಗುರುತು ಮಾತ್ರ ಇತ್ತು. ಬ್ಯಾಲೆನ್ಸಿಂಗ್ ಆದ ಮೇಲೆ ಅದೇ ರಸ್ತೆ, ಅದೇ 90, ತುದಿ 0.1ಕ್ಕೆ ಇಳಿಯಿತು. ದಡ್ ಮಾತ್ರ ಹಾಗೇ ಇತ್ತು.

ಮಾರನೇ ದಿನ ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿ, ಚಕ್ರಗಳು ನೆಲದ ಮೇಲಿರುವಾಗಲೇ ಬೋಲ್ಟ್ ಸಡಿಲಿಸಿದರು. ಸಡಿಲಿಸುತ್ತಿದ್ದಂತೆ ಒಳಗಿನ ಕೊಳವೆ ಟಕ್ ಅಂತ ತಿರುಗಿದ್ದು ನನಗೇ ಕೇಳಿಸಿತು. ಮೆಕ್ಯಾನಿಕ್ ಕೂಡ ಬಗ್ಗಿ ನೋಡಿದರು. ಇನ್ನು ಮುಂದೆ ಹೀಗೇ ಮಾಡುತ್ತೇನೆ ಅಂದರು. ಬಿಗಿ ಮಾಡಿದ ಮೇಲೆ ಅಲೈನ್‌ಮೆಂಟ್ ಮತ್ತೆ ನೋಡಿಸಿದೆ, ಟೋ (ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಸ್ವಲ್ಪ ತಿದ್ದಬೇಕಾಯಿತು. ದಡ್ ನಿಂತಿದೆ. ಆರ್ಮ್ ವಾಪಸ್ ಕೊಡಲಿಲ್ಲ. ಈಗಿನ ಅಳತೆಗಳನ್ನು ಫೋನಿನಲ್ಲೇ ಉಳಿಸಿಕೊಂಡಿದ್ದೇನೆ, ಟೈರ್ ಬದಲಿಸಿದ ದಿನ ಪಕ್ಕಪಕ್ಕ ಇಟ್ಟು ನೋಡುತ್ತೇನೆ. ಇಬ್ಬರಿಗೂ ತುಂಬಾ ಧನ್ಯವಾದ.