ಅಪ್‌ಡೇಟ್: ತಮ್ಮನ ಅಂಗವಿಕಲರ ಮಾಸಾಶನ ಕೊನೆಗೂ ಮಂಜೂರಾಯ್ತು
ಅರ್ಜಿ ಹಾಕಿ 7 ತಿಂಗಳಾದರೂ ತಮ್ಮನ ಮಾಸಾಶನ ಮಂಜೂರಾಗಿಲ್ಲ ಅಂತ ಕೇಳಿದ್ದೆ ಅಲ್ವಾ, ನಿನ್ನೆ ಆದೇಶ ಕೈಗೆ ಬಂತು. ನಿಮ್ಮಲ್ಲೊಬ್ಬರು ಹೇಳಿದಂತೆ ಹೊಸ ಅರ್ಜಿ ಹಾಕಿದ್ದು ದಂಡ, 'ಈಗಾಗಲೇ ಒಂದಿದೆ' ಅಂತ ವಾಪಸ್ ಬಂತು. ಕೆಲಸಕ್ಕೆ ಬಂದಿದ್ದು ಪಂಚಾಯ್ತಿಯ ವಿಆರ್‌ಡಬ್ಲ್ಯೂ (ಅಂಗವಿಕಲರಿಗೆ ನೆರವಾಗುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವರನ್ನು ಹಿಡಿಯಿರಿ ಅಂದವರ ಮಾತು. ಆ ವಿಆರ್‌ಡಬ್ಲ್ಯೂ ಕೂಡ ಅಂಗವಿಕಲರೇ, ಐದೇ ನಿಮಿಷದಲ್ಲಿ ತಪ್ಪು ತೋರಿಸಿದರು: ಆಧಾರ್‌ನಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಯುಡಿಐಡಿ ಕಾರ್ಡಿನಲ್ಲಿ (ಅಂಗವಿಕಲರ ಗುರುತಿನ ಚೀಟಿ) ಮುಂದೆ! ಇಷ್ಟಕ್ಕೆ 7 ತಿಂಗಳು. ಅಷ್ಟರಲ್ಲಿ ಅಮ್ಮನ ಓಲೆ ಗಿರವಿಗೆ ಹೋಯ್ತು, ಫಿಸಿಯೋಥೆರಪಿ ನಿಂತು ತಮ್ಮನ ಮೊಣಕಾಲು ಈಗ ಪೂರ್ತಿ ಚಾಚಲು ಬರಲ್ಲ. ಇನ್ನೊಂದು, ದುಡ್ಡು ಬರೋದು ಡಿಬಿಟಿಯಲ್ಲಿ, ಅಂದ್ರೆ ಸರ್ಕಾರದಿಂದ ನೇರ ಬ್ಯಾಂಕ್ ಖಾತೆಗೆ; ಖಾತೆಗೆ ಆಧಾರ್ ಪ್ರತಿ ಕೊಟ್ಟರೆ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ (ಆಧಾರ್ ಮೂಲಕ ಬರುವ ದುಡ್ಡು ಯಾವ ಬ್ಯಾಂಕಿಗೆ ಹೋಗಬೇಕು ಅನ್ನೋ ಜೋಡಣೆ) ಆಗಿದೆಯಾ ಅಂತ ಬ್ಯಾಂಕಲ್ಲಿ ಕೇಳಿ. ನಮ್ಮದು ಇನ್ನೂ ಆಗಿಲ್ಲ, ಅದಕ್ಕೆ ನಾಳೆ ಬ್ಯಾಂಕಿಗೆ ಹೋಗ್ತಿದ್ದೇನೆ.